ನನ್ನನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ್ದರ ವಿರುದ್ಧ ಒಂದು ದೂರು

ಬುಕ್ಕಾಪಟ್ಟಣ, ಶಿರಾ ತಾಲ್ಲೂಕು
೨೦ನೇ ಮಾರ್ಚ್ ೧೯೮೬

ದೇಶೀ ಸಸ್ಯ ಪರಿಚಯ ಪರಿಷತ್ತಿನ ಘನ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಬುಕ್ಕಾಪಟ್ಟಣದ ಬಸ್ ನಿಲ್ದಾಣದ ಎದುರಿಗಿರುವ ಗ್ರಂಧಿಗೆ ಅಂಗಡಿಯ ಮಾಲೀಕನೂ, ತಮ್ಮ ಪರಿಷತ್ತು ಮಧುಗಿರಿಯಲ್ಲಿ ನಡೆಸಿದ ದೇಶೀ ಸಸ್ಯಗಳ ಸರ್ಟಿಫಿಕೇಟ್ ಕೋರ್ಸಿನ ಮೊದಲನೇ ತಂಡದಲ್ಲಿ ಪ್ರಥಮ ದರ್ಜೆ ಪಡೆದವನೂ ಆದ ಚನ್ನಮಲ್ಲಯ್ಯನು ಮಾಡುವ ಅನೇಕಾನೇಕ ನಮಸ್ಕಾರಗಳು. ಈ ಕಡೆ ನಾನು, ನನ್ನ ಮನೆಯವರಾದ ಈಶ್ವರಮ್ಮ, ಅಂಗಡಿಯ ತಕ್ಕಡಿ, ಎಲ್ಲರೂ ಕ್ಷೇಮ. ಆ ಕಡೆ ತಾವು, ತಮ್ಮ ಕಚೇರಿಯ ಮೊಹರು, ಮೊಹರಿಗಾಗಿ ಸದಾ ಒದ್ದೆಯಾಗಿ ಕಾದಿರುವ ನೇರಳೆ ಶಾಯಿಯ ಪ್ಯಾಡು, ಎಲ್ಲವೂ ಕ್ಷೇಮವೆಂದು ನಂಬಿ ಈ ಪತ್ರಕ್ಕೆ ಕೈ ಹಾಕಿದ್ದೇನೆ.

ತಮ್ಮಂಥ ದೊಡ್ಡವರಿಗೆ ಬರುವ ದೂರುಗಳೆಲ್ಲ ಸಾಮಾನ್ಯವಾಗಿ ಫೇಲಾದವರವು. ಪ್ರಶ್ನೆಪತ್ರಿಕೆ ಕಷ್ಟವಾಗಿತ್ತು, ಪರೀಕ್ಷಕರು ಸಿಡುಕರಾಗಿದ್ದರು, ಬಸ್ಸು ತಡವಾಯಿತು ಎಂದೆಲ್ಲ ಅವರು ಬರೆಯುತ್ತಾರೆ, ತಾವು ಅವನ್ನು ಓದದೆ ಫೈಲಿಗೆ ಹಾಕುತ್ತೀರಿ, ಇಬ್ಬರಿಗೂ ಸಮಾಧಾನವಾಗುತ್ತದೆ. ನನ್ನ ದೂರು ಆ ಜಾತಿಯದಲ್ಲ. ತಾವು ನನ್ನನ್ನು ಪಾಸು ಮಾಡಿದ್ದೀರಿ, ಅದೂ ಪ್ರಥಮ ದರ್ಜೆಯಲ್ಲಿ, ಮತ್ತು ಅದನ್ನು ರದ್ದು ಮಾಡಿ ನನ್ನನ್ನು ವಿಧಿವತ್ತಾಗಿ ಫೇಲು ಮಾಡಬೇಕೆಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಸರ್ಟಿಫಿಕೇಟನ್ನು ತಾವು ನೂರು ಜನರ ಮುಂದೆ ಹಾರ ಹಾಕಿ ಕೊಟ್ಟಿರುವುದರಿಂದ, ಅದನ್ನು ಹಿಂದಕ್ಕೆ ಪಡೆಯುವ ಮನವಿಯೂ ನಾಲ್ಕು ಜನರ ಕಣ್ಣಿಗೆ ಬೀಳುವುದು ನ್ಯಾಯವೆಂದು ತಿಳಿದು ಇದರ ಒಂದು ಪ್ರತಿಯನ್ನು ನಮ್ಮ ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸಿದ್ದೇನೆ.

ಮೊದಲಿಗೆ ನನ್ನ ಅರ್ಹತೆಯ ವಿಚಾರ. ನಮ್ಮ ತಂದೆಯವರ ಕಾಲದಿಂದ ನಡೆದುಬಂದಿರುವ ನಮ್ಮ ಅಂಗಡಿಯಲ್ಲಿ ನಲವತ್ತೆಂಟು ಮರದ ಖಾನೆಗಳಿದ್ದು, ಒಂದೊಂದರಲ್ಲೂ ಒಂದೊಂದು ಬೇರು, ತೊಗಟೆ, ಕಾಯಿ, ಹೂವು ಇರುತ್ತವೆ. ಅವು ತುಮಕೂರಿನ ಮಂಡಿಯಿಂದ ಮೂಟೆಯಲ್ಲಿ ಬರುತ್ತವೆ, ನಾನು ಪೊಟ್ಟಣ ಕಟ್ಟಿ ಮಾರುತ್ತೇನೆ. ಒಣಗಿದ್ದರೆ ಅವುಗಳಲ್ಲಿ ಯಾವುದನ್ನಾದರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂಸಿ ಹೇಳಬಲ್ಲೆ. ಅದೇ ವಸ್ತು ಹಸಿರಾಗಿ, ಬೇರಿನ ಮೇಲೆ ನಿಂತುಕೊಂಡು, ಗಾಳಿಗೆ ತಲೆ ಆಡಿಸುತ್ತಿದ್ದರೆ ಮಾತ್ರ ಅಪರಿಚಿತರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ಮುಂದೆ ಹೋಗುವುದು ನನ್ನ ರೂಢಿಯಾಗಿತ್ತು. ಐವತ್ತು ವರ್ಷ ಹೀಗೆ ಮರ್ಯಾದೆಯಿಂದ ಬದುಕಿದವನು ನಾನು.

ಹೀಗಿರುವಾಗ ೧೯೮೩ರಲ್ಲಿ ತಮ್ಮ ಪರಿಷತ್ತು ನಮ್ಮ ಊರಿಗೂ ಗೊಲ್ಲರಹಟ್ಟಿಗೂ ನಡುವೆ ಇರುವ ಕುರುಚಲು ಗುಡ್ಡವನ್ನು ಕಂಡುಹಿಡಿಯಿತು. ಅದಕ್ಕೆ ಮೊದಲು ಆ ಗುಡ್ಡ ಅಲ್ಲಿತ್ತಾದರೂ ಹಟ್ಟಿಯವರಿಗೆ ಮತ್ತು ಅವರ ಕುರಿಗಳಿಗೆ ಮಾತ್ರ ಗೊತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ತಾವು ಅದರ ಸುತ್ತ ಮುಳ್ಳುತಂತಿ ಎಳೆಸಿದಿರಿ, ತಂತಿಯ ಪಕ್ಕದಲ್ಲಿ ಕತ್ತಾಳೆ ನೆಡಿಸಿದಿರಿ, ಒಂದು ಗೇಟು ಇಟ್ಟು ಹುಚ್ಚಣ್ಣನೆಂಬ ಕಾವಲುಗಾರನನ್ನು ನೇಮಿಸಿದಿರಿ, ಮತ್ತು ದೇಶೀ ಸಸ್ಯಗಳನ್ನು ಅಜ್ಞಾನಿಗಳಿಂದ ಕಾಪಾಡುವ ಸಲುವಾಗಿ, ಪರಿಷತ್ತಿನ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಒಳಗೆ ಹೋಗಿ ಸೊಪ್ಪು ಬೇರು ಕೀಳಲು ಪರವಾನಗಿ ಚೀಟಿ ಕೊಡಲಾಗುವುದು ಎಂದು ಬೋರ್ಡು ಹಾಕಿಸಿದಿರಿ. ಕತ್ತಾಳೆಯು ಮೆಕ್ಸಿಕೋ ದೇಶದ ಗಿಡವೆಂದು ತಮ್ಮ ಮೂರನೆಯ ಪಾಠದಲ್ಲಿಯೇ ಹೇಳಿದೆ. ದೇಶೀ ಗಿಡಗಳ ಕಾವಲಿಗೆ ವಿದೇಶದಿಂದ ಪಹರೆ ತರಿಸಿದ ತಮ್ಮ ಉದಾರ ಮನಸ್ಸಿಗೆ ನಾನು ಆಗಲೇ ಮಾರುಹೋಗಿದ್ದೆ.

ಹುಚ್ಚಣ್ಣನು ಅದೇ ಹಟ್ಟಿಯವನು. ಅವನ ಸೋದರತ್ತೆ ಕರಿಯಕ್ಕ ಎಂಬಾಕೆ ಸುತ್ತಿನ ಏಳು ಹಟ್ಟಿಗಳ ಕುರಿಮೇಕೆಗಳಿಗೆ ವೈದ್ಯೆ. ಕುರಿಗೆ ಹೊಟ್ಟೆ ಉಬ್ಬಿದರೂ ಈಕೆ ಬರಬೇಕು, ಮೇಕೆಗೆ ಕಾಲು ಮುರಿದರೂ ಈಕೆಯೇ ಬರಬೇಕು. ಈಕೆಯ ಔಷಧಿಯೆಲ್ಲ ಆ ಗುಡ್ಡದ ಮೇಲಿತ್ತು. ಬೋರ್ಡಿನ ಸಂಗತಿಯನ್ನು ನಮ್ಮ ಅಂಗಡಿಯಲ್ಲಿ ನನ್ನಿಂದಲೇ ಓದಿಸಿ ಕೇಳಿಕೊಂಡ ಕರಿಯಕ್ಕ, "ಅಂಗಾರೆ ನಾನೂ ಆ ಇಸ್ಕೂಲಿಗೆ ಸೇರ್ಕತೀನಿ ಅಯ್ನೋರೆ. ನನ್ ಹೆಸ್ರೂ ಬರೀರಿ" ಎಂದಳು. ಅರವತ್ತರ ಹತ್ತಿರದ ಆ ಹೆಂಗಸು ಸೇರುತ್ತೇನೆಂದ ಮೇಲೆ ಗಿಡಮೂಲಿಕೆಯ ಅಂಗಡಿ ಇಟ್ಟುಕೊಂಡ ನಾನು ಹಿಂದೆ ಬೀಳುವುದು ಚೆನ್ನಾಗಿರುವುದಿಲ್ಲವೆಂದು ನಾನೂ ಅರ್ಜಿ ತುಂಬಿದೆ. ಸರ್ಟಿಫಿಕೇಟು ಸಿಕ್ಕರೆ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಎಲ್ಲಿ ತೂಗು ಹಾಕುವುದೆಂದು ಅಂದೇ ಮೊಳೆ ಹೊಡೆದು ನೋಡಿದ್ದೆನೆಂಬುದನ್ನೂ ಮುಚ್ಚಿಡುವುದಿಲ್ಲ.

ಹನ್ನೆರಡು ಭಾನುವಾರ ಬುಕ್ಕಾಪಟ್ಟಣದಿಂದ ಶಿರಾ, ಶಿರಾದಿಂದ ಮಧುಗಿರಿ ಎಂದು ಎರಡು ಬಸ್ಸು ಹಿಡಿದು ನಾವಿಬ್ಬರೂ ಛತ್ರದಲ್ಲಿ ನಡೆಯುತ್ತಿದ್ದ ತಮ್ಮ ತರಗತಿಗೆ ಬಂದೆವು. ಕೊರಟಗೆರೆ ಕಡೆಯ ಒಬ್ಬರು ಪಂಡಿತರು ಎಲ್ಲ ಪಾಠಕ್ಕೂ ತಲೆದೂಗುತ್ತಾ ನಿದ್ದೆ ಮಾಡುತ್ತಿದ್ದರು. ಪಾವಗಡದ ಮೇಷ್ಟ್ರೊಬ್ಬರು ಕನ್ನಡ ಅಕ್ಷರದಲ್ಲಿ ತೆಲುಗು ಹೆಸರುಗಳನ್ನು ಬರೆದು ಪ್ರತಿವಾರ ಕೆಂಪು ಗೀಟು ತಿನ್ನುತ್ತಿದ್ದರು. ನಾನು ಮೊದಲ ಬೆಂಚಿನಲ್ಲಿ ಕೂತು ತಾವು ಹೇಳಿದ್ದನ್ನು, ಹೇಳುವುದಕ್ಕೆ ಮೊದಲು ತಾವು ಕೆಮ್ಮಿದ್ದನ್ನೂ ಬಿಡದಂತೆ ಬರೆದುಕೊಂಡೆ. ಕರಿಯಕ್ಕ ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಂಡು, ಎದುರಿಗಿದ್ದ ಮಧುಗಿರಿ ಬೆಟ್ಟವನ್ನು ಕಿಟಕಿಯಿಂದ ನೋಡುತ್ತಿದ್ದಳು.

ಮೂರನೆಯ ಪಾಠ ನಮ್ಮ ಮನೆಯಲ್ಲಿ ಉಂಟುಮಾಡಿದ ಕ್ಷೋಭೆಯನ್ನು ಇಲ್ಲಿ ದಾಖಲಿಸಬೇಕು. ಹುಣಸೆ ಆಫ್ರಿಕಾದ್ದು, ಮೆಣಸಿನಕಾಯಿ ಅಮೆರಿಕದ್ದು, ಕಡಲೇಕಾಯಿಯೂ ಅಲ್ಲಿಯದೇ, ಸೀತಾಫಲವೂ ನಮ್ಮದಲ್ಲ, ಕೊನೆಗೆ ರಾಗಿಯೂ ಯಾವುದೋ ಕಾಲದಲ್ಲಿ ಸಮುದ್ರ ದಾಟಿ ಬಂದದ್ದು ಎಂದು ತಾವು ಬೋಧಿಸಿದ್ದನ್ನು ನಾನು ಊಟಕ್ಕೆ ಕೂತಾಗ ಒಂದೊಂದಾಗಿ ಮನೆಯವರಿಗೆ ತಿಳಿಸುತ್ತಿದ್ದೆ. ಒಂದು ವಾರ ಸಹಿಸಿದ ಈಶ್ವರಮ್ಮ ಎಂಟನೇ ದಿನ ಸೌಟು ಕೆಳಗಿಟ್ಟು, "ಹುಣ್ಸೆಹಣ್ಣು ಪರದೇಸಿ, ಮೆಣ್ಸಿನ್ಕಾಯಿ ಪರದೇಸಿ ಅಂತೀರಲ್ಲ, ಇನ್ನು ಸಾರಿಗೆ ನಿಮ್ ಪಾಠದ ಹಾಳೆ ಹಾಕಿ ಕುದಿಸ್ಲಾ" ಎಂದು ಕೇಳಿದರು. ಆ ದಿನದಿಂದ ನಾನು ಮುದ್ದೆಯನ್ನು ಅದರ ಊರು ಕೇಳದೆ ನುಂಗುತ್ತಿದ್ದೇನೆ.

ಆಮೇಲೆ ಬಂದದ್ದು ಮಾದರಿಗಳ ಸಂಕಟ. ಮೂವತ್ತು ಗಿಡಗಳ ಕೊಂಬೆಗಳನ್ನು ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸಿ, ಹೆಸರು ಬರೆದು ತರಬೇಕೆಂದು ತಮ್ಮ ಆಜ್ಞೆಯಾಯಿತು. ನಾನು ಹೇಗೋ ಮೂವತ್ತನ್ನು ಜೋಡಿಸಿ ಜೀರಿಗೆ ಮೂಟೆಯ ಕೆಳಗೆ ಒತ್ತಿಟ್ಟು, ಕಳ್ಳಂಬೆಳ್ಳಕ್ಕೆ ಒಂದು ಮದುವೆಗೆ ಹೋಗಿಬರುವಷ್ಟರಲ್ಲಿ, ಅಂಗಡಿ ನೋಡಿಕೊಳ್ಳುತ್ತಿದ್ದ ಈಶ್ವರಮ್ಮ ಆ ಕಟ್ಟನ್ನು ಪೊಟ್ಟಣ ಕಟ್ಟುವ ಕಾಗದವೆಂದು ತಿಳಿದು ಬಳಸಿಬಿಟ್ಟಿದ್ದರು. ಗ್ರಂಧಿಗೆ ಅಂಗಡಿಯಲ್ಲಿ ಹಳೆಯ ಪೇಪರು ಇರುವುದು ಮತ್ತೆ ಯಾತಕ್ಕೆ. ಹನ್ನೊಂದು ಮಾದರಿಗಳು ಹನ್ನೊಂದು ಮನೆಗಳಿಗೆ ಹೋದವು. ಅವರಲ್ಲಿ ಒಬ್ಬರು ಮುಂದಿನ ವಾರ ಬಂದು, "ಓಂಕಾಳಿನ ಜೊತೆ ಒಂದು ಸೊಪ್ಪು ಕೊಟ್ಟಿದ್ರಲ್ಲ, ಕಷಾಯ ಮಾಡಿ ಕುಡುದ್ರೆ ಮೈ ಹಗೂರಾಯ್ತು, ಇನ್ನೊಂದಿಷ್ಟು ಕೊಡಿ" ಎಂದು ಕೇಳಿದಾಗ, ಹೆಸರು ಬರೆದ ಚೀಟಿ ಅವರ ಮನೆಯ ಒಲೆಯಲ್ಲಿ ಸುಟ್ಟುಹೋಗಿದ್ದರಿಂದ, ದಾಸ್ತಾನು ಮುಗಿದಿದೆ ಎಂದು ಹೇಳಿ ಕಳುಹಿಸಿದೆ.

ಆ ಹನ್ನೊಂದನ್ನು ತುಂಬಿಕೊಟ್ಟವಳು ಕರಿಯಕ್ಕ. ಶಿರಾದಲ್ಲಿ ಮಧುಗಿರಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ, ನಿಲ್ದಾಣದ ಹಿಂದಿನ ತಿಪ್ಪೆಗಳ ನಡುವೆ ಒಂದು ಸುತ್ತು ಹಾಕಿ ಬಂದು, ಹನ್ನೊಂದು ಕೊಂಬೆಗಳನ್ನು ನನ್ನ ತೊಡೆಯ ಮೇಲೆ ಹಾಕಿ ಹನ್ನೊಂದರ ಹೆಸರನ್ನೂ ಹೇಳಿದಳು. ನನ್ನ ಮಾದರಿ ಪುಸ್ತಕದಲ್ಲಿ ತಾವು ಅತ್ಯುತ್ತಮ ಎಂದು ಬರೆದಿರುವುದು ಆ ಹನ್ನೊಂದು ಹಾಳೆಗಳ ಮೇಲೆ ಮಾತ್ರ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ಇನ್ನು ಪರೀಕ್ಷೆ. ಭಾಗ ಒಂದು ಗುರುತಿಸುವಿಕೆ, ಐವತ್ತು ಅಂಕ, ಭಾಗ ಎರಡು ಉಪಯೋಗ, ಐವತ್ತು ಅಂಕ, ಎರಡರಲ್ಲೂ ಪಾಸಾಗಬೇಕು. ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ ಐವತ್ತು ಹಸಿ ಕೊಂಬೆಗಳಲ್ಲಿ ನಾನು ಮೂವತ್ತೆರಡನ್ನು ಗುರುತಿಸಿದೆ. ಕರಿಯಕ್ಕ ನಡೆಯುತ್ತಲೇ ಐವತ್ತನ್ನೂ ಹೇಳಿ ಮುಗಿಸಿ, ಹದಿನೇಳನೆಯದೂ ಮೂವತ್ತೆಂಟನೆಯದೂ ಒಂದೇ ಗಿಡ, ಒಂದನ್ನು ಮೇಕೆ ಮೇದು ಮತ್ತೆ ಚಿಗುರಿದ್ದರಿಂದ ಎಲೆ ಬೇರೆ ಥರ ಕಾಣುತ್ತದೆ ಎಂದು ತಮಗೆ ತೋರಿಸಿಕೊಟ್ಟಳು. ತಮ್ಮ ಪಟ್ಟಿಯಲ್ಲಿ ಅವು ಎರಡು ಬೇರೆ ಗಿಡಗಳಾಗಿದ್ದುದರಿಂದ ತಾವು ಆಕೆಗೆ ಒಂದು ಅಂಕ ಕಳೆದು ನಲವತ್ತೊಂಬತ್ತು ಕೊಟ್ಟಿರಿ. ಪಟ್ಟಿಯನ್ನು ಗಿಡಕ್ಕಿಂತ ಮೇಲೆ ಇಟ್ಟು ಗೌರವಿಸುವ ಆ ಶಿಸ್ತಿಗೆ ನಾನು ಕೈ ಮುಗಿಯುತ್ತೇನೆ.

ತೊಡಕು ಬಂದದ್ದು ಎರಡನೆಯ ಭಾಗದಲ್ಲಿ. ಕರಿಯಕ್ಕನ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಗಿಡದ ಹೆಸರನ್ನು ಯಾರು ಬೇಕಾದರೂ ಹೇಳಬಹುದು, ರೋಗದ ಹೆಸರನ್ನೂ ಹೇಳಬಹುದು. ಆದರೆ ಇಂಥ ರೋಗಕ್ಕೆ ಇಂಥ ಗಿಡ ಎಂದು ಎರಡನ್ನೂ ಜೋಡಿಸಿ ಬಾಯಿ ಬಿಟ್ಟರೆ ಔಷಧಿಯ ಗುಣ ಹೋಗಿಬಿಡುತ್ತದೆ. ಅದಕ್ಕಾಗಿ ಅವರು ಸೊಪ್ಪನ್ನು ಕಿತ್ತ ಜಾಗದಲ್ಲಿಯೇ ಅಂಗೈಯಲ್ಲಿ ಉಜ್ಜಿ, ಗುರುತು ಸಿಗದಂತೆ ಮಾಡಿ ತರುತ್ತಾರೆ. ತಮ್ಮ ಕೈಯಲ್ಲಿ ಇನ್ನು ಆಗುವುದಿಲ್ಲ ಎನ್ನುವ ಕಾಲ ಬಂದಾಗ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಬಾಯಲ್ಲಿ ಹೇಳದೆ ಕಣ್ಣಿಗೆ ತೋರಿಸಿ ಒಪ್ಪಿಸುತ್ತಾರೆ. ಆಕೆಯ ಅಜ್ಜಿ ಆಕೆಗೆ ಹಾಗೆ ತೋರಿಸಿದ್ದಳಂತೆ. ಇದೊಂದನ್ನೂ ತಿಳಿಯದ ತಾವು ಒಂದು ಕೊಂಬೆ ಎತ್ತಿ ಹಿಡಿದು, ಇದು ಯಾವುದಕ್ಕೆ ಉಪಯೋಗ ಎಂದು ಕೇಳಿದಿರಿ. ಆಕೆ, "ಅದು ಹೇಳಾದಲ್ಲ ಬುಡಿ ಸಾಮಿ. ಒಂದು ಕುರಿ ತಕಂಬನ್ನಿ, ಮಾಡಿ ತೋರುಸ್ತೀನಿ" ಎಂದಳು. ಛತ್ರದಲ್ಲಿ ಕುರಿ ಇರಲಿಲ್ಲವಾದ್ದರಿಂದ ಆಕೆಗೆ ಸೊನ್ನೆ ಬಂತು. ತಾವು ಮತ್ತೆ ಮತ್ತೆ ಕೇಳಿದಿರಿ, ಆಕೆ ಮತ್ತೆ ಮತ್ತೆ ತಲೆ ಬಗ್ಗಿಸಿ ನಿಂತಳು. ಅದು ಅಜ್ಞಾನವಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ, ನಾನು ಹಾಲ್ ಟಿಕೆಟ್ ಹಿಡಿದುಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನನ್ನ ಸರದಿ ಬಂದಾಗ ಪಾಠದ ಹಾಳೆಗಳಲ್ಲಿದ್ದುದನ್ನೆಲ್ಲ ಗಿಣಿಯಂತೆ ಒಪ್ಪಿಸಿ ನಲವತ್ತಾರು ಅಂಕ ಪಡೆದೆ.

ಸಮಾರಂಭದ ದಿನ ತಾವು ನನ್ನ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಗುಡ್ಡಬೆಟ್ಟಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಜ್ಞಾನ ಇಂದು ಒಂದು ವ್ಯವಸ್ಥೆಗೆ ಬಂತು ಎಂದು ಭಾಷಣ ಮಾಡಿದಿರಿ. ಕರಿಯಕ್ಕ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಸರ್ಟಿಫಿಕೇಟು ಮೊಳೆಗೆ ಏರಿತು, ಪರವಾನಗಿ ಚೀಟಿ ನನ್ನ ಜೇಬಿಗೆ ಬಂತು, ಹೀಗೆ ಇಡೀ ಹೋಬಳಿಯಲ್ಲಿ ಆ ಗುಡ್ಡ ಹತ್ತಲು ಅಧಿಕಾರವುಳ್ಳ ಏಕೈಕ ಮನುಷ್ಯ ನಾನಾದೆ. ಅಲ್ಲಿಯವರೆಗೆ ನಾನು ಆ ಗುಡ್ಡವನ್ನು ಹತ್ತಿರಲೇ ಇಲ್ಲ ಎಂಬುದು ಬೇರೆ ಮಾತು.

ಮಾನ್ಯರೇ, ಈಗ ಬರೆಯಬೇಕಾದದ್ದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ೧೯೮೪ರಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಒಂದು ವಾರಕ್ಕೆ, ಎಳೆ ಹುಲ್ಲು ಮೇದು ಹಟ್ಟಿಯ ಕ್ಯಾತಪ್ಪನ ರೊಪ್ಪದಲ್ಲಿ ಐದು ಕುರಿಗಳ ಹೊಟ್ಟೆ ತಮಟೆಯಂತೆ ಉಬ್ಬಿಕೊಂಡವು. ಕರಿಯಕ್ಕ ಗೇಟಿನ ಹತ್ತಿರ ಓಡಿದಳು. ಹುಚ್ಚಣ್ಣ ಅಳುವ ಮುಖ ಮಾಡಿ, "ಚೀಟಿ ಇಲ್ದೆ ಬುಟ್ರೆ ನನ್ ಕೆಲ್ಸ ಹೋಯ್ತದೆ ಕಣತ್ತೆ" ಎಂದ. ತಂತಿ ನುಸುಳುವುದು ಆಕೆಗೆ ದೊಡ್ಡ ಮಾತಲ್ಲ. ಆದರೆ ಕದ್ದು ಕಿತ್ತ ಸೊಪ್ಪು ಔಷಧಿಯಾಗುವುದಿಲ್ಲವೆಂಬುದು ಅವರ ಇನ್ನೊಂದು ಕಟ್ಟಳೆ. ನನ್ನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಹೋದರು. ರೋಗ ಯಾವುದೆಂದು ಎಲ್ಲರಿಗೂ ಗೊತ್ತಾಗಿಹೋಗಿದ್ದರಿಂದ ಗಿಡ ಯಾವುದೆಂದು ಆಕೆ ನನಗೆ ಹೇಳುವ ಹಾಗಿರಲಿಲ್ಲ. ನಾನು, ಹೆದರಬೇಡಿ, ಒಂಬತ್ತನೆಯ ಪಾಠದಲ್ಲಿ ಹೊಟ್ಟೆ ಉಬ್ಬರದ ವಿಷಯ ಪೂರ್ತಿ ಇದೆ ಎಂದು ಧೈರ್ಯ ಹೇಳಿ, ಪಾಠದ ಹಾಳೆ ಹಿಡಿದು ಗುಡ್ಡ ಹತ್ತಿದೆ.

ಹಾಳೆಯಲ್ಲಿದ್ದ ಚಿತ್ರಕ್ಕೂ ಗುಡ್ಡದ ಮೇಲಿದ್ದ ಗಿಡಗಳಿಗೂ ತಾಳೆ ನೋಡುತ್ತಾ ಬಹಳ ಹೊತ್ತಾಯಿತು. ಚಿತ್ರ ಕಪ್ಪು ಗೆರೆಯದು, ಗಿಡಗಳೆಲ್ಲ ಹಟ ಹಿಡಿದಂತೆ ಹಸಿರಾಗಿದ್ದವು. ಕೊನೆಗೆ ಮೂರು ಥರದ ಸೊಪ್ಪು ತಂದು ಆಕೆಯ ಮುಂದೆ ಸುರಿದೆ. ಆಕೆ ಎರಡನ್ನು ಪಕ್ಕಕ್ಕೆ ತಳ್ಳಿ, ಮೂರನೆಯದನ್ನು ಮೂಸಿ, ಅದನ್ನೂ ಮೆಲ್ಲಗೆ ಕೆಳಗಿಟ್ಟಳು. ಮನೆಯಲ್ಲಿದ್ದ ಎಣ್ಣೆ ಕುಡಿಸಿ, ಹೊಟ್ಟೆ ಉಜ್ಜಿ, ನಡೆದಾಡಿಸಿ ಮೂರು ಕುರಿಗಳನ್ನು ಉಳಿಸಿಕೊಂಡರು. ಎರಡು ಸತ್ತವು. ನಾನು ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಕರಿಯಕ್ಕ ಕೈ ತೊಳೆದುಕೊಂಡು ಬಂದು, ಸಿಟ್ಟಿಲ್ಲದ ದನಿಯಲ್ಲಿ, "ನೀವು ಓದಿದ್ದು ಸರಿಯಾಗೇ ಅದೆ ಅಯ್ನೋರೆ. ಗಿಡುಕ್ಕೆ ಗೊತ್ತಿಲ್ಲ ಅಷ್ಟೇಯ" ಎಂದಳು. ಬೈದಿದ್ದರೆ ಸುಲಭವಾಗಿತ್ತು. ನಾಚಿಕೆಯಿಂದ ಮೂರು ದಿನ ಅಂಗಡಿ ತೆರೆಯಲಿಲ್ಲ, ಮತ್ತು ಆ ಸರ್ಟಿಫಿಕೇಟಿನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದವನು ಇವತ್ತಿನವರೆಗೂ ಈ ಕಡೆಗೆ ತಿರುಗಿಸಿಲ್ಲ.

ಆದರೆ ತಮ್ಮ ಪರಿಷತ್ತು ಬರೆಯುವ ನಿಯಮಗಳಲ್ಲಿ ಎಷ್ಟು ದೂರದೃಷ್ಟಿ ಇದೆಯೆಂಬುದು ನಾಲ್ಕನೆಯ ದಿನ ತಿಳಿಯಿತು. ಪರವಾನಗಿ ಚೀಟಿಯ ಹಿಂಭಾಗದಲ್ಲಿ, ಚೀಟಿದಾರರು ಸಾಮಾನು ಹೊರಲು ಒಬ್ಬ ಕೂಲಿಯಾಳನ್ನು ಜೊತೆಗೆ ಕರೆದೊಯ್ಯಬಹುದು ಎಂದು ಅಚ್ಚಾಗಿತ್ತು. ಅಂದಿನಿಂದ ಕರಿಯಕ್ಕ ಕಾಗದದ ಪ್ರಕಾರ ನನ್ನ ಕೂಲಿಯಾಳು. ಗೇಟು ದಾಟುವವರೆಗೆ ಬುಟ್ಟಿ ಆಕೆಯ ತಲೆಯ ಮೇಲಿರುತ್ತದೆ. ಓದು ಬಾರದಿದ್ದರೂ ಹುಚ್ಚಣ್ಣ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ ಬಿಡುತ್ತಾನೆ. ಮೊದಲ ತಿರುವು ದಾಟಿದ ಮೇಲೆ ಬುಟ್ಟಿ ಪ್ರಥಮ ದರ್ಜೆಯ ತಲೆಗೆ ಬರುತ್ತದೆ. ಸೊಪ್ಪು ಇರುವ ಜಾಗ ಬಂದಾಗ ಆಕೆ, "ಒಸಿ ಆ ಕಡಿಕ್ ತಿರುಕ್ಕಳಿ ಅಯ್ನೋರೆ" ಎನ್ನುತ್ತಾಳೆ. ನಾನು ಬಂಡೆಯ ಕಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಆಕೆ ಕಿತ್ತು, ಉಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿದ ಮೇಲೆ ತಿರುಗಲು ಅಪ್ಪಣೆಯಾಗುತ್ತದೆ. ಹೀಗೆ ಎರಡು ಮಳೆಗಾಲ ಕಳೆದಿವೆ. ಈ ಅವಧಿಯಲ್ಲಿ ಏಳು ಹಟ್ಟಿಗಳಲ್ಲಿ ಹೊಟ್ಟೆ ಉಬ್ಬಿ ಒಂದು ಕುರಿಯೂ ಸತ್ತಿಲ್ಲ. ಹಾಗೂ ಆ ಬಂಡೆಯ ಮೇಲೆ ಬೆಳೆದಿರುವ ಕಲ್ಲುಹೂವನ್ನು ನಾನು ಹಸಿಯಾಗಿಯೂ ಗುರುತು ಹಿಡಿಯಬಲ್ಲೆನಾದ್ದರಿಂದ, ಒಂದನೆಯ ಭಾಗದ ನನ್ನ ಮೂವತ್ತೆರಡು ಅಂಕಗಳಲ್ಲಿ ಒಂದಕ್ಕೆ ಈಗ ನಾನು ನಿಜವಾಗಿ ಹಕ್ಕುದಾರ.

ಈ ವರ್ಷ ಜನವರಿಯಲ್ಲಿ ತಾವು ಸ್ವತಃ ಗುಡ್ಡದ ತನಿಖೆಗೆ ಬಂದು, ನಮ್ಮಿಬ್ಬರ ಜೊತೆ ಹತ್ತಿ, ಅದೇ ಬಂಡೆಯ ಮೇಲೆ ಜಾರಿ, ಪಾದ ಉಳುಕಿಸಿಕೊಂಡು ಕೂತದ್ದು ತಮಗೆ ನೆನಪಿರಬಹುದು. ಜೀಪು ಕೆಳಗಿತ್ತು, ನೋವು ಮೇಲಿತ್ತು. ಕರಿಯಕ್ಕ ತಮಗೂ ಆ ಕಡೆ ತಿರುಗಲು ಹೇಳಿದಾಗ ತಾವು ನನ್ನ ಪಕ್ಕದಲ್ಲಿ ಬಂಡೆಗೆ ಮುಖ ಮಾಡಿ ಕೂತಿರಿ. ನಾವಿಬ್ಬರು ವಿದ್ವಾಂಸರು ಹಾಗೆ ಒಟ್ಟಿಗೆ ಕಲ್ಲನ್ನು ನೋಡಿದ ಆ ಗಳಿಗೆ ನನ್ನ ಜೀವಮಾನದ ಭಾಗ್ಯ. ಆಕೆ ಏನೋ ಅರೆದು ಮೆತ್ತಿ, ತಮ್ಮದೇ ಕರವಸ್ತ್ರದಿಂದ ಬಿಗಿದು ಕಟ್ಟಿದಳು. ತಾವು ನನ್ನ ಹೆಗಲು ಹಿಡಿದು ಇಳಿದಿರಿ, ನಾಲ್ಕನೆಯ ದಿನಕ್ಕೆ ಎಂದಿನಂತೆ ಓಡಾಡಿದಿರಿ ಎಂದು ತಮ್ಮ ಡ್ರೈವರು ಹುಚ್ಚಣ್ಣನಿಗೆ ಹೇಳಿದ.

ಅದರ ಫಲವಾಗಿ ಫೆಬ್ರವರಿಯಲ್ಲಿ ತಮ್ಮ ಪತ್ರ ಬಂತು. ಪರಿಷತ್ತಿನ ಪ್ರಕಟಣೆಗಾಗಿ, ನನ್ನ ಚೀಟಿಯ ಮೇಲೆ ಈವರೆಗೆ ಕಿತ್ತ ಎಲ್ಲ ಗಿಡಗಳ ಹೆಸರು ಮತ್ತು ಉ‍ಪಯೋಗದ ಪಟ್ಟಿಯನ್ನು, ತಮ್ಮ ಪಾದಕ್ಕೆ ಕಟ್ಟಿದ ಸೊಪ್ಪನ್ನು ಮೊದಲನೆಯದಾಗಿ ನಮೂದಿಸಿ, ಮಾರ್ಚ್ ಮೂವತ್ತೊಂದರೊಳಗೆ ಕಳುಹಿಸತಕ್ಕದ್ದು. ತಪ್ಪಿದಲ್ಲಿ ಚೀಟಿ ರದ್ದಾಗಿ ಗೇಟು ಮುಚ್ಚಲಾಗುವುದು. ಕಾಲು ಹಿಡಿದವರಿಗೆ ಬಾಗಿಲು ಮುಚ್ಚುವ ಈ ಕ್ರಮ ಎಷ್ಟು ನಿಷ್ಪಕ್ಷಪಾತವಾದದ್ದೆಂದರೆ, ಮೆಚ್ಚಿಕೊಳ್ಳಲು ನನ್ನ ಹತ್ತಿರ ಮಾತಿಲ್ಲ. ಹಟ್ಟಿಗೆ ಹೋಗಿ ಕರಿಯಕ್ಕನಿಗೆ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಆಕೆ ಎಲ್ಲ ಕೇಳಿ, "ಸಾಯೇಬ್ರ ಕಾಲು ವಾಸಿ ಆಯ್ತಂತಾ" ಎಂದು ವಿಚಾರಿಸಿದಳು. ಆಯಿತಂತೆ ಎಂದೆ. "ಮತ್ತೆ ಇನ್ನೇನಂತೆ ಅವ್ರ್ಗೆ" ಎಂದು ಕೇಳಿದಳು. ಈ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ; ಉತ್ತರ ತೋಚಿದರೆ ಬರೆದು ತಿಳಿಸಬೇಕು.

ಶಿವರಾತ್ರಿ ಕಳೆದ ಮೊದಲ ಸೋಮವಾರ ನಾವು ಗುಡ್ಡ ಹತ್ತಿದೆವು. ಆಕೆ ಮೂರು ಕಡೆ ಕೂತು ಮಂಡಿ ಹಿಡಿದುಕೊಂಡಳು. ಜಾಗ ಬಂದಾಗ ನಾನು ಅಭ್ಯಾಸದಂತೆ ಬಂಡೆಯ ಕಡೆ ತಿರುಗಿದೆ. ಹಿಂದಿನಿಂದ, "ಅಯ್ನೋರೆ, ಇತ್ಲಾಗ್ ತಿರುಕ್ಕಳಿ" ಎಂದಳು. ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಅಲ್ಲಾಡದೆ ನಿಂತೆ. ಆಕೆ ಇನ್ನೊಮ್ಮೆ ಹೇಳಿದಳು. ತಿರುಗಿದಾಗ ಆಕೆಯ ಅಂಗೈ ತೆರೆದಿತ್ತು, ಅದರಲ್ಲಿ ಉಜ್ಜದ, ಮುರಿಯದ ಒಂದು ಎಲೆ ಇತ್ತು. ಆಮೇಲೆ ಗಿಡವನ್ನು ಮುಟ್ಟಿ ತೋರಿಸಿದಳು, ಬಾಯಲ್ಲಿ ಏನೂ ಹೇಳಲಿಲ್ಲ. ನಾನು ನೂರು ಸಲ ಅದರ ಪಕ್ಕದಲ್ಲೇ ನಡೆದುಹೋಗಿದ್ದೆ. ಹೊಟ್ಟೆ ಉಬ್ಬಿದ ಕುರಿಗಳಿಗೆ ಬೇಕಾಗಿದ್ದುದು ಅದು. "ಮಳೆ ಬಿದ್ದಾಗ ಇನ್ನು ನೀವೇ ಬಂದ್ಬುಡಿ. ನನ್ ಮಂಡಿ ಹತ್ತಕಿಲ್ಲ ಅಂತದೆ. ನಮ್ ಹಟ್ಟೀರ್ಗೆ ಬಾಗ್ಲು ತೆಗಿಯಕಿಲ್ಲ, ನಿಮ್ಗಾದ್ರೆ ತೆಗೀತಾರೆ" ಎಂದಳು. ಅಜ್ಜಿ ಮೊಮ್ಮಗಳಿಗೆ ಒಪ್ಪಿಸುತ್ತಿದ್ದುದನ್ನು ಆಕೆ, ತನ್ನವರಿಗೆ ಗೇಟು ತೆರೆಯದ ಕಾರಣಕ್ಕೆ, ಅವರ ಎರಡು ಕುರಿ ಕೊಂದ ನನಗೆ ಒಪ್ಪಿಸಿದಳು. ಐವತ್ತಮೂರು ವರ್ಷದ ಗಂಡಸು ಬುಟ್ಟಿ ಕೆಳಗಿಟ್ಟು ಅತ್ತೆನೆಂದು ಬರೆಯಲು ನನಗೆ ಸಂಕೋಚವಿಲ್ಲ.

ಆದ್ದರಿಂದ ಮಾನ್ಯರೇ, ಪಟ್ಟಿ ಬರುವುದಿಲ್ಲ. ಅದರ ಬದಲಿಗೆ ನನ್ನ ಕೆಲವು ಸಣ್ಣ ಕೋರಿಕೆಗಳಿವೆ. ಇನ್ನು ಮುಂದೆ ಗುಡ್ಡದ ಗಿಡಗಳೆಲ್ಲ ತಮ್ಮ ಪಾಠದ ಚಿತ್ರದಂತೆ ಕಪ್ಪು ಗೆರೆಯಲ್ಲೇ ಬೆಳೆಯಬೇಕೆಂದು ಒಂದು ಸುತ್ತೋಲೆ ಹೊರಡಿಸಬೇಕು. ಸರ್ಟಿಫಿಕೇಟ್ ಪಡೆದವರು ಬರುವವರೆಗೆ ಹೊಟ್ಟೆ ಉಬ್ಬಿಸಿಕೊಳ್ಳಕೂಡದೆಂದು ಕುರಿಗಳಿಗೆ ತಿಳುವಳಿಕೆ ಪತ್ರ ಕೊಡಬೇಕು. ಇವೆರಡೂ ಕಷ್ಟವಾದರೆ, ಮುಂದಿನ ಪರೀಕ್ಷೆಗೆ ಪರೀಕ್ಷಕರನ್ನಾಗಿ ಕ್ಯಾತಪ್ಪನ ರೊಪ್ಪದಿಂದ ಮೂರು ಕುರಿಗಳನ್ನು ನೇಮಿಸಬೇಕು. ಅವು ಬದುಕಿದರೆ ಪಾಸು, ಇಲ್ಲದಿದ್ದರೆ ಫೇಲು. ನನ್ನ ಪ್ರಥಮ ದರ್ಜೆಯನ್ನು ಕಿತ್ತುಕೊಂಡು, ಗೇಟಿನ ಚೀಟಿಯನ್ನು ಕರಿಯಕ್ಕನ ಹೆಸರಿಗೆ ಬರೆಯಬೇಕು. ನಾನು ಅದರ ಹಿಂಭಾಗದಲ್ಲಿ ಅಚ್ಚಾಗಿರುವ ಕೂಲಿಯಾಳಾಗಿ ಮುಂದುವರಿಯುತ್ತೇನೆ. ಮುಂಗಾರಿಗೆ ಇನ್ನು ಎರಡೂವರೆ ತಿಂಗಳು ಮಾತ್ರ ಇದೆ. ಗೇಟು ಮುಚ್ಚಿದರೆ ಸಾಯುವ ಕುರಿಗಳಿಗೆ ಪರಿಷತ್ತಿನ ಪ್ರಕಟಣೆಯನ್ನು ಓದಿ ಹೇಳಲು ನನ್ನಿಂದ ಆಗುವುದಿಲ್ಲ.

ಕೊನೆಯದಾಗಿ ನನ್ನ ಅಂಕಗಳ ವಿಷಯ. ತಾವು ಈಗ ಬಂದು ಆ ಗಿಡದ ಕೊಂಬೆಯನ್ನು ಎತ್ತಿ ಹಿಡಿದು, ಇದು ಯಾವುದಕ್ಕೆ ಉಪಯೋಗ ಎಂದು ನನ್ನನ್ನು ಕೇಳಿದರೆ, ನಾನೂ ತಲೆ ಬಗ್ಗಿಸಿ ನಿಲ್ಲುತ್ತೇನೆ. ಎರಡನೆಯ ಭಾಗದಲ್ಲಿ ನನಗೆ ಸೊನ್ನೆ ಬರಬೇಕು, ಕರಿಯಕ್ಕನಿಗೆ ತಾವು ಕೊಟ್ಟಿದ್ದಷ್ಟೇ ದುಂಡಗಿನ ಸೊನ್ನೆ. ಎರಡು ವರ್ಷ ಬುಟ್ಟಿ ಹೊತ್ತು ಓದಿ ಅದನ್ನು ಸಂಪಾದಿಸಿದ್ದೇನೆ, ದಯವಿಟ್ಟು ಅದಕ್ಕಿಂತ ಒಂದು ಅಂಕವನ್ನೂ ಹೆಚ್ಚು ಕೊಡಬಾರದು.

ಇಂತಿ, ಫೇಲಾಗುವ ನಿರೀಕ್ಷೆಯಲ್ಲಿರುವ
ತಮ್ಮ ವಿಶ್ವಾಸಿ,
ಚನ್ನಮಲ್ಲಯ್ಯ
(ಕರಿಯಕ್ಕನವರ ಬುಟ್ಟಿ ಹೊರುವವನು)

ವಿ.ಸೂ.: ತಮ್ಮ ಪಾದಕ್ಕೆ ಕಟ್ಟಿದ ಸೊಪ್ಪು ಯಾವುದೆಂದು ನನಗೆ ಇನ್ನೂ ತೋರಿಸಿಲ್ಲ. ತಾವು ಅಷ್ಟೊಂದು ಹಂಬಲಿಸುತ್ತಿದ್ದೀರೆಂದು ನಾನು ಒತ್ತಾಯ ಮಾಡಿದ್ದಕ್ಕೆ ಕರಿಯಕ್ಕ, ಸಾಹೇಬರು ಕೇಳಿದರೆ ಹೇಳಲು ತನ್ನ ಅಡ್ಡಿಯಿಲ್ಲ, ಆದರೆ ಹೆಸರು ಹೇಳಿದ ಮೇಲೆ ಆ ಸೊಪ್ಪಿನ ಗುಣ ಎಲ್ಲಿದ್ದರೂ ಹೋಗುತ್ತದೆ, ವಾಸಿಯಾದ ಕಾಲಿನಿಂದಲೂ ಹೋಗುತ್ತದೆ ಎಂದಿದ್ದಾಳೆ. ಇದನ್ನು ತಾವು ನಂಬಬೇಕಾಗಿಲ್ಲ, ತಾವು ವಿಜ್ಞಾನ ಓದಿದವರು. ಹೆಸರು ಬೇಕೇ ಬೇಡವೇ ಎಂದು ಒಂದು ಕಾರ್ಡು ಬರೆದರೆ ಸಾಕು. ಅಂಚೆ ಡಬ್ಬಿಯವರೆಗೆ ತಾವೇ ನಡೆದುಹೋಗಿ ಹಾಕಬೇಕೆಂದು ಮಾತ್ರ ಆಕೆ ಹೇಳಿಕಳುಹಿಸಿದ್ದಾಳೆ.